ಸಪ್ಪಗಾದ ಹೋಳಿಗೆ

ಶ್ರಾವಣ ಮುಗಿಯುವ ಹೊತ್ತಿನ ಒಂದು ಭಾನುವಾರ. ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತಲಿನ ಹಳ್ಳಿಗಳನ್ನು ಒಂದೇ ದಿನದಲ್ಲಿ ತೋರಿಸುವ ಟ್ರಿಪ್ಪಿಗೆ ಹೆಸರು ಕೊಟ್ಟಿದ್ದೆ. ಹುಬ್ಬಳ್ಳಿ ಬಿಡುವಾಗ ಬೆಳಿಗ್ಗೆ ಆರು ಗಂಟೆ. ಅತ್ತೆ ಒಂದು ಖಾಲಿ ಚೀಲ ಕೈಗಿಟ್ಟರು.

"ಅಲ್ಲೆ ಮಧುನಾಶಿನಿ ಸಿಗತೈತಂತ. ಒಂದಿಷ್ಟು ತೊಗೊಂಡ ಬಾರವಾ."

ಮಧುನಾಶಿನಿ ಅಂದರೆ ಶುಗರ್‌ಗೆ ಒಳ್ಳೆಯದು ಎಂದು ಜನ ಹೇಳುವ ಬಳ್ಳಿಯ ಎಲೆ. ಅತ್ತೆಗೆ ಶುಗರ್ ಇದೆ. ಮಾತ್ರೆ ತಪ್ಪಿಸುವುದಿಲ್ಲ, ಆದರೆ ಯಾರು ಏನು ಹೇಳಿದರೂ ಅದನ್ನೂ ಒಂದು ಕೈ ನೋಡಬೇಕು.

ಗದಗ ದಾಟಿ ಮೊದಲು ಇಳಿದದ್ದು ಡಂಬಳದಲ್ಲಿ. ಅಲ್ಲಿನ ದೊಡ್ಡಬಸಪ್ಪ ಗುಡಿ 12ನೇ ಶತಮಾನದ್ದು, ನಕ್ಷತ್ರದ ಆಕಾರ. ಗೋಡೆ ಹಿಡಿದು ಸುತ್ತು ಹಾಕಿದರೆ ನಾಲ್ಕು ಹೆಜ್ಜೆ ನೇರ ನಡೆಯಲು ಬಿಡುವುದಿಲ್ಲ, ಬರೀ ಮೂಲೆಗಳು. ಅರ್ಧ ಗಂಟೆಯಲ್ಲಿ "ಹತ್ರಿ ಹತ್ರಿ" ಎಂದು ಗಾಡಿ ಹತ್ತಿಸಿದರು. ಗೈಡ್ ಟ್ರಿಪ್ ಅಂದರೆ ಇದೇ ಅಲ್ವಾ?

ಡೋಣಿಯಲ್ಲಿ ಆ ಊರಿನದೇ ಹುಡುಗ ಜೊತೆಯಾದ. ಗುಡ್ಡ ಹತ್ತುತ್ತಾ ಮಾತಾಡಿದ್ದೆಲ್ಲ ಅವನೇ. ಇಲ್ಲಿ ಗಣಿ ಮಾಡುವ ಮಾತು ಎದ್ದಾಗ 2017ರಲ್ಲಿ ಗದಗದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ಧರಣಿ ಮಾಡಿಸಿದ್ದು, 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಧಾಮವಾಗಿದ್ದು, ಎಲ್ಲ ಬಾಯಿಪಾಠ. ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ಕೆಳಗೆ ಕಪ್ಪು ಎರಿ ಹೊಲ, ಕಾಲಡಿ ಕೆಂಪು ಮಣ್ಣು. ಬೇಸಿಗೆಯಲ್ಲಿ ಬೋಳಾಗುವ ಗುಡ್ಡ ಈಗ ಹಸಿರೋ ಹಸಿರು.

ನಾನು ಚೀಲ ತೆಗೆದೆ. ಅವನು ನಕ್ಕ.

"ಅಕ್ಕಾರ, ಇಲ್ಲಿ ಒಂದ ಎಲಿ ಹರದ್ರೂ ಕೇಸ್ ಆಗತೈತ್ರಿ. ನಮ್ಮ ಹಿತ್ತಲದಾಗ ಬಳ್ಳಿ ಐತಿ, ಕೊಡತೀನಿ ಬರ್ರಿ."

ಕೆಳಗಿಳಿದು ಅವನ ಮನೆಗೆ ಹೋದಾಗ ಮಧ್ಯಾಹ್ನ. ಬೇಲಿಗೆ ಹಬ್ಬಿದ ಬಳ್ಳಿ, ಜೋಡಿ ಜೋಡಿ ಎಲೆ, ಮುಟ್ಟಿದರೆ ಸಣ್ಣ ನವಿರು. ಎರಡು ಎಲೆ ಬಾಯಿಗೆ ಹಾಕಿಕೊಂಡು ನಿಧಾನ ಅಗಿಯಿರಿ ಎಂದ. ಕಹಿ. ಆಮೇಲೆ ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟ. ಬಾಯಿಗೆ ಹಾಕಿಕೊಂಡರೆ ಹೊಲದ ಹೆಂಟೆ! ಸಕ್ಕರೆ ತಿಂದರೆ ಉಸುಕು. ನಾಲಿಗೆಯ ಮೇಲೆ ಸಿಹಿ ಗುರುತಿಸುವ ಜಾಗಕ್ಕೆ ಆ ಎಲೆಯ ರಸ ಹೋಗಿ ಅಡ್ಡ ಕೂರುತ್ತದಂತೆ. ಉಪ್ಪು, ಹುಳಿ, ಖಾರ ಎಲ್ಲ ಗೊತ್ತಾಗುತ್ತದೆ, ಸಿಹಿ ಮಾತ್ರ ಮಾಯ. ಹನ್ನೊಂದು ಮಂದಿಯೂ ಮಕ್ಕಳ ಹಾಗೆ ಅಗಿದೆವು.

ಊಟ ಪಕ್ಕದ ಓಣಿಯ ಅಜ್ಜಿ ಮನೆಯಲ್ಲಿ. ಹೊಸ್ತಿಲು ದಾಟಿದ ತಕ್ಷಣ ದನ ಕಟ್ಟುವ ಜಾಗ, ಗ್ವಾದಲಿ. ಅಲ್ಲಿಂದ ಎರಡು ಮೆಟ್ಟಿಲು ಮೇಲೆ ಪಡಸಾಲೆ. ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಒಳಗೆ ತಂಪು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಿಸಬೇಕು, ಈಗ ಆಳು ಸಿಗುವುದಿಲ್ಲ ಎಂದು ಅಜ್ಜಿ ಬಡಿಸುತ್ತಲೇ ಹೇಳಿದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ. ಕೊನೆಗೆ ಹೋಳಿಗೆ, ಮೇಲೆ ತುಪ್ಪ.

ನಾನು ಕಚ್ಚಿದೆ. ಏನೂ ಇಲ್ಲ! ಬೇಯಿಸಿದ ಬೇಳೆ, ಮೈದಾ, ತುಪ್ಪ. ಎದುರು ಕೂತವರ ಮುಖವೂ ಅಷ್ಟೇ. ಅಜ್ಜಿ ಒಬ್ಬೊಬ್ಬರನ್ನೇ ನೋಡುತ್ತಾ ಬಂದಳು.

"ಯಾಕವಾ, ಬೆಲ್ಲ ಕಡಿಮಿ ಆತೇನು?"

ಹುಡುಗ ನಾಲಿಗೆ ಕಚ್ಚಿಕೊಂಡು ವಿಷಯ ಹೇಳಿದ. ಅಜ್ಜಿ ಅವನ ಬೆನ್ನಿಗೊಂದು ಕೊಟ್ಟಳು. "ಬೆಳಗ್ಗಿಂದ ಹೂರಣ ಅರದೇನಿ, ಭಾಡ್ಯಾ!"

ಅವಳ ಸಿಟ್ಟು ಇಳಿಯುವವರೆಗೆ ಕೂತು ಮಾತಾಡಿದೆವು. ಟೈಮಿಗೆ ಸರಿಯಾಗಿ ಗಾಡಿ ಬಿಟ್ಟಿದ್ದರೆ ಈ ಮಾತು ಸಿಗುತ್ತಿರಲಿಲ್ಲ. ಮೊದಲು ಕಟ್ಟಿಗೆ, ಹುಲ್ಲು ಎಲ್ಲಾ ಗುಡ್ಡದಿಂದಲೇ ತರುತ್ತಿದ್ದಳಂತೆ.

"ಗುಡ್ಡ ಉಳೀತು, ಚಲೋ ಆತು. ಆದ್ರ ಎಮ್ಮಿಗೆ ಹುಲ್ಲು ಎಲ್ಲಿಂದ ತರ್ಲಿ ಹೇಳು."

ಗುಡ್ಡ ಉಳಿಸಿ ಎಂದು ಹುಬ್ಬಳ್ಳಿಯಲ್ಲಿ ಕೂತು ಫೇಸ್‌ಬುಕ್‌ನಲ್ಲಿ ಬರೆದವಳು ನಾನು. ಈಗಲೂ ಬರೆಯುತ್ತೇನೆ. ಆದರೆ ಎಮ್ಮೆಯ ಹುಲ್ಲು ಆಗ ತಲೆಗೆ ಬಂದಿರಲಿಲ್ಲ.

ಹೊರಡುವಾಗ ಅಜ್ಜಿ ಎರಡು ಹೋಳಿಗೆ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು, ಎಲೆಗಳ ಪಕ್ಕದಲ್ಲೇ. ಒಂದು ಅತ್ತೆಗೆ ಒಯ್ಯೋಣ ಅಂದುಕೊಂಡಿದ್ದೆ. ಅಣ್ಣಿಗೇರಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಸುಮ್ನೆ ನೋಡೋಣ ಎಂದು ಒಂದು ತುದಿ ಮುರಿದೆ. ಏಲಕ್ಕಿ, ಬೆಲ್ಲ, ಎಲ್ಲ ಬಂತು. ಹುಬ್ಬಳ್ಳಿ ಮುಟ್ಟಿದಾಗ ಚೀಲದಲ್ಲಿ ಬರೀ ಎಲೆ ಇತ್ತು.