ಸ್ವಂತ ವಾರ್ಡಿಲ್ಲದ ನರ್ಸ್

ದಾವಣಗೆರೆಗೆ ಫೋನ್ ಮಾಡಿದಾಗಲೆಲ್ಲ ಪಿ.ಜೆ. ಬಡಾವಣೆಯ ದೊಡ್ಡಮ್ಮ ಕೇಳುವುದು ಇದನ್ನೇ: “ಈಗ ಯಾವ ವಾರ್ಡಿಗೆ ಹಾಕ್ಯಾರವ್ವಾ?” ಕ್ಯಾಲಿಫೋರ್ನಿಯಾದ ಆಸ್ಪತ್ರೆಯೊಂದರಲ್ಲಿ ನಾನು ಫ್ಲೋಟ್ ಪೂಲ್ ನರ್ಸ್. ನನಗೆ ಕಾಯಂ ವಾರ್ಡಿಲ್ಲ. ಎಲ್ಲಿ ನರ್ಸ್ ಕಡಿಮೆಯೋ ಅಲ್ಲಿಗೆ. ಸಂಜೆ ಏಳಕ್ಕೆ ಡ್ಯೂಟಿಗೆ ಬಂದ ಮೇಲೆಯೇ ಗೊತ್ತಾಗುತ್ತದೆ. ಹೆಚ್ಚಾಗಿ ಟೆಲಿಮೆಟ್ರಿಗೆ, ಅಂದರೆ ಹೃದಯದ ಬಡಿತವನ್ನು ದೂರದಿಂದಲೇ ಗಮನಿಸುವ ವಾರ್ಡಿಗೆ ಕಳಿಸುತ್ತಾರೆ.

ಅಲ್ಲಿ ರೋಗಿಯ ಎದೆಗೆ ಐದು ಸ್ಟಿಕ್ಕರ್, ಐದು ವೈರು, ಗೌನಿನ ಜೇಬಿನಲ್ಲಿ ಒಂದು ಪುಟ್ಟ ಪೆಟ್ಟಿಗೆ. ಅದು ಕಳಿಸುವ ಇ.ಸಿ.ಜಿ.ಯನ್ನು ಬೇರೆ ಕೋಣೆಯಲ್ಲಿ ಟೆಕ್ನಿಷಿಯನ್ ಹಗಲೂ ರಾತ್ರಿ ನೋಡುತ್ತಿರುತ್ತಾರೆ. ಎದೆಗೇ ಹಾಕಿದರೂ ಹೆಚ್ಚಿನ ವೈರುಗಳಿಗೆ ಕೈಕಾಲಿನದೇ ಹೆಸರು; ಬಣ್ಣವೂ ಬೇರೆ. ಊರಲ್ಲಿ ಬಲಗೈಗೆ ಕೆಂಪು ಹಾಕುತ್ತಿದ್ದೆವು; ಇಲ್ಲಿ ಬಲಗೈಗೆ ಬಿಳಿ, ಕೆಂಪು ಎಡಗಾಲಿನದು. ಈ ರಾಜ್ಯದಲ್ಲಿ 2008ರಿಂದ ಟೆಲಿಮೆಟ್ರಿಯ ಒಬ್ಬ ನರ್ಸಿಗೆ ನಾಲ್ಕಕ್ಕಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. ಎಲ್ಲ ಊರಿಗೂ ಬರಬೇಕಾದ ನಿಯಮವಿದು.

ಟೆಕ್ನಿಷಿಯನ್ ಫೋನ್ ಬಂದರೆ ಮೊದಲು ಓಡುವುದು ರೋಗಿಯ ಬಳಿಗೆ, ಪರದೆಯ ಕಡೆಗಲ್ಲ. ಹಲ್ಲುಜ್ಜುವಾಗಿನ ಅಲುಗಾಟವೂ ಅಲ್ಲಿ ವಿ-ಟ್ಯಾಕ್ ಥರ, ಅಂದರೆ ಹೃದಯ ವಿಪರೀತ ವೇಗವಾಗಿ ಬಡಿದು ಪ್ರಾಣಕ್ಕೆ ಎರವಾಗುವ ಸ್ಥಿತಿಯ ಥರ ಕಾಣುತ್ತದೆ. ವೈರು ಕಳಚಿದರೆ ಹೃದಯವೇ ನಿಂತಂತೆ ನೇರ ಗೆರೆ.

ನನಗೆ ಹೆದರಿಕೆ ಬೇರೆಯದು. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಬಡಿತದ ಲಯ ತಪ್ಪಿ, ಹೃದಯದ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಆಗ ಮಾತು ತೊದಲುತ್ತದೆ, ಬಾಯಿ ಒಂದು ಕಡೆಗೆ ಎಳೆಯುತ್ತದೆ. ಪರದೆಯ ಗೆರೆ ಮಾತ್ರ ಮೊದಲಿನಂತೆಯೇ ಇರಬಹುದು. ಆ ರೋಗಿ ನಿನ್ನೆ ಹೇಗೆ ಮಾತಾಡುತ್ತಿದ್ದರು ಅನ್ನುವುದು ಇವತ್ತಷ್ಟೇ ಈ ವಾರ್ಡಿಗೆ ಬಂದ ನನಗೆ ಹೇಗೆ ತಿಳಿಯಬೇಕು? ಅದಕ್ಕೇ ಡ್ಯೂಟಿ ಬಿಟ್ಟುಕೊಡುವ ನರ್ಸನ್ನು ಹಾಸಿಗೆಯ ಪಕ್ಕಕ್ಕೇ ಕರೆದೊಯ್ದು ಕೇಳುತ್ತೇನೆ: ಮುಖ ಹೀಗೇ ಇತ್ತಾ? ದನಿ ಹೀಗೇ ಇತ್ತಾ?

ನಮ್ಮೂರ ವಾರ್ಡಿನಲ್ಲಿ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮನೆಯವರೊಬ್ಬರು ಇದ್ದೇ ಇರುತ್ತಿದ್ದರು. “ಸಿಸ್ಟರ್, ಅಪ್ಪ ಯಾಕೋ ಮಂಕಾಗ್ಯಾರೆ, ಮೈಯೆಲ್ಲ ತಣ್ಣಗೆ ಬೆವರೈತಿ” ಅಂತ ಎದ್ದು ಬರುತ್ತಿದ್ದರು. ಇಲ್ಲಿ ರಾತ್ರಿ ಬಹಳಷ್ಟು ರೋಗಿಗಳು ಒಬ್ಬರೇ. ಮನೆಯವರ ಆ ಕಣ್ಣುಗಳ ಬೆಲೆ ನನಗೆ ಇಲ್ಲಿಗೆ ಬಂದ ಮೇಲೆ ಇನ್ನೂ ಹೆಚ್ಚಾಗಿದೆ.

ನಿಮ್ಮವರನ್ನು ಮಾನಿಟರಿಗೆ ಹಾಕಿದ್ದರೆ ಅಂಕಿಯನ್ನೇ ನೋಡುತ್ತ ಕೂರಬೇಡಿ, ಅವರನ್ನು ಮಾತಾಡಿಸುತ್ತಿರಿ. ಮಾತು ತೊದಲಿದರೆ, ಕೈ ಎತ್ತಲಾಗದಿದ್ದರೆ, ಎದೆ ಬಿಗಿದರೆ, ಅಲಾರಂ ಹೊಡೆಯದಿದ್ದರೂ ಸಿಸ್ಟರನ್ನು ಕರೆಯಿರಿ. ಸಂಕೋಚ ಬೇಡ.