ಗ್ರೂಪಿನ ಬಾಯಿ ಮುಚ್ಚಿದ್ದ ಮೂವತ್ತೆರಡು ದಿನ

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಅಡಿಕೆ ಬೆಳೆಗಾರರ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ತೋಟ ಸುತ್ತುವುದು, ಗೊಬ್ಬರ ಮೈಲುತುತ್ತದ ಲೆಕ್ಕ ನೋಡುವುದು, ಊರೂರಲ್ಲಿ ಸಭೆ ಕರೆಯುವುದು. 2019ರಿಂದ ಇದರ ಜೊತೆಗೆ ಸದಸ್ಯರ ವಾಟ್ಸಾಪ್ ಗ್ರೂಪ್ ನೋಡಿಕೊಳ್ಳುವ ಜವಾಬ್ದಾರಿಯೂ ನನ್ನ ಮೇಲೆ ಬಿತ್ತು. ಅದನ್ನು ಒಂದು ಕೆಲಸ ಅಂತ ನಾನು ಆಗ ಎಣಿಸಿರಲೇ ಇಲ್ಲ. ಬೆಳಿಗ್ಗೆ ಎದ್ದು ಧಾರಣೆ ಹಾಕಿದರೆ, ಮಳೆ ಮುನ್ಸೂಚನೆ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ.

2020ರಲ್ಲಿ ಕೊರೊನಾ ಬಂದ ಮೇಲೆ ಸಭೆ ನಿಂತಿತು, ತೋಟಕ್ಕೆ ಹೋಗುವುದೂ ಕಡಿಮೆಯಾಯಿತು. ಉಳಿದಿದ್ದು ಆ ಗ್ರೂಪ್ ಒಂದೇ. ಆಗ ಒಂದು ಗ್ರೂಪಿನಲ್ಲಿ 256 ಜನಕ್ಕಿಂತ ಜಾಸ್ತಿ ಸೇರಿಸಲು ಆಗುತ್ತಿರಲಿಲ್ಲ. ನಮ್ಮದು ತುಂಬಿ ತುಳುಕುತ್ತಿತ್ತು. ಯಾರಾದರೂ ಬಿಟ್ಟು ಹೋದರೆ ಮಾತ್ರ ಇನ್ನೊಬ್ಬರಿಗೆ ಜಾಗ.

2021ರ ಜೂನ್‌ನಲ್ಲಿ ಜಗಳ ಆಯಿತು. ಧಾರಣೆ ಬೀಳುತ್ತದೆ ಅಂತ ಎಲ್ಲಿಂದಲೋ ಬಂದ ಒಂದು ಫಾರ್ವರ್ಡ್. ಅದರ ಮೇಲೆ ಎರಡು ಬಾಣದ ಗುರುತು ಇತ್ತು, ಅಂದರೆ ಕಡಿಮೆ ಅಂದರೂ ಐದು ಕೈ ದಾಟಿ ಬಂದದ್ದು. ಅದನ್ನು ನಂಬಿ ಒಬ್ಬರು ಗಡಿಬಿಡಿಯಲ್ಲಿ ಅಡಿಕೆ ಮಾರಿದರು. ಎರಡು ವಾರದಲ್ಲಿ ಧಾರಣೆ ಏರಿತು. ಆಮೇಲೆ ರಾತ್ರಿ ಹನ್ನೊಂದರವರೆಗೂ ಮಾತಿಗೆ ಮಾತು. ಹಿರಿಯರು ಇಬ್ಬರು ಏನೂ ಹೇಳದೆ ಗ್ರೂಪ್ ಬಿಟ್ಟು ಹೋದರು. ನನಗೆ ತಡೆಯಲಾಗಲಿಲ್ಲ. ಜೂನ್ 18ರ ಬೆಳಿಗ್ಗೆ ಸೆಟ್ಟಿಂಗ್‌ಗೆ ಹೋಗಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿಬಿಟ್ಟೆ. ಅಡ್ಮಿನ್ ಅಂದರೆ ನಾನು ಮತ್ತು ನಮ್ಮ ಮ್ಯಾನೇಜರ್.

ಆ ದಿನ ಐದಾರು ಜನ ಮೆಸೇಜ್ ಮಾಡಿ ಥ್ಯಾಂಕ್ಸ್ ಹೇಳಿದರು. "ಒಳ್ಳೇ ಕೆಲಸ ಮಾಡಿದೆ ತಂಗಿ, ಫೋನು ತಣ್ಣಗಾತು" ಅಂದರು ಒಬ್ಬರು. ನನಗೂ ಹಗುರಾಯಿತು. ಮುಂದಿನ ಮೂವತ್ತೆರಡು ದಿನ ಗ್ರೂಪ್ ಎಷ್ಟು ಚೊಕ್ಕವಾಗಿತ್ತು ಅಂದರೆ, ಬೆಳಿಗ್ಗೆ ಒಂದು ಮೆಸೇಜ್, ಸಂಜೆ ಒಂದು. ಯಾರ್‍ಯಾರು ಓದಿದ್ದಾರೆ ಅಂತ ತೆರೆದು ನೋಡುತ್ತಿದ್ದೆ. ಇನ್ನೂರು ದಾಟಿರುತ್ತಿತ್ತು. ಎಲ್ಲರೂ ಓದುತ್ತಿದ್ದಾರೆ, ಎಲ್ಲ ಸರಿ ಇದೆ ಅಂತ ಲೆಕ್ಕ ಹಾಕಿಕೊಂಡೆ.

ಜುಲೈ 19ಕ್ಕೆ ಬೇರೆ ಏನೋ ಕೆಲಸದ ಮೇಲೆ ಒಂದು ಊರಿಗೆ ಹೋಗಿದ್ದೆ. ಮನೆಯ ಕೆಳಗೇ ತೋಟ. ಅರವತ್ತು ದಾಟಿದ ಒಬ್ಬ ಅಮ್ಮ ಬುಟ್ಟಿ ಹಿಡಿದು ಬಿದ್ದ ಕಾಯಿ ಆರಿಸುತ್ತಿದ್ದರು. ಬುಟ್ಟಿ ಅರ್ಧ ತುಂಬಿತ್ತು. ಒಂದು ಕಾಯಿ ಎತ್ತಿಕೊಂಡು ನೋಡಿದೆ. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪು ಹಸಿರು ಕಲೆ, ಬೆರಳಿಟ್ಟರೆ ಮೆತ್ತಗೆ. ಎರಡು ದಿನ ಮೊದಲು ಬಿದ್ದ ಕಾಯಿಗಳ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಬೂಸ್ಟು. ಕೊಳೆರೋಗ. ಕೇಳುವುದೇ ಬೇಡ.

"ಯಾವಾಗಿಂದ ಅಮ್ಮ?"

"ಹನ್ನೊಂದು ದಿನ ಆತು. ಮಗ ಫೋಟೋ ತೆಗ್ದಿದ್ದ. ಗ್ರೂಪಿಗೆ ಹಾಕಲಿಕ್ಕೆ ಹೋದ್ರೆ ಹೋಗ್ಲಿಲ್ಲ. ನಿಮಗೆಲ್ಲ ಬೇಡ ಅಂತ ಮಾಡಿರ್ಬೇಕು ಅಂತ ಸುಮ್ನಾದ್ವಿ."

"ನನ್ನ ನಂಬರ್ ಇತ್ತಲ್ಲ ಅಮ್ಮ, ಒಂದು ಫೋನ್ ಮಾಡಬಹುದಿತ್ತಲ್ಲ?"

"ಇತ್ತು. ನಮ್ಮನೆ ಒಂದು ತೋಟಕ್ಕೆ ನಿಮಗ್ಯಾಕೆ ತೊಂದ್ರೆ ಕೊಡೋದು ಅಂತ."

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನನಗೆ ಫೋನ್ ಮಾಡಿದರೆ ಅದು ಅವರಿಗೆ ಒಂದು ಉಪಕಾರ ಕೇಳಿದ ಹಾಗೆ. ಗ್ರೂಪಿಗೆ ಫೋಟೋ ಹಾಕಿದರೆ ಯಾರ ಹಂಗೂ ಇಲ್ಲ. ಜಗುಲಿಯ ಮೇಲೆ ಕಾಯಿ ಇಟ್ಟು "ನೋಡಿ ಮಾರಾಯ್ರೆ, ಹೀಗಾಗಿದೆ" ಅಂದ ಹಾಗೆ. ನೋಡುವವರು ನೋಡುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ. ನಾನು ಆ ಜಗುಲಿಗೇ ಬೀಗ ಹಾಕಿಬಿಟ್ಟಿದ್ದೆ.

ಹನ್ನೊಂದು ದಿನ ಅಂದರೆ ಏನು ಅಂತ ಅಡಿಕೆ ತೋಟ ಇಲ್ಲದವರಿಗೆ ಹೇಳಬೇಕು. ಕೊಳೆ ಮಳೆಹನಿಯ ಸಿಡಿತದಲ್ಲಿ, ಗಾಳಿಯಲ್ಲಿ ಒಂದು ಕೊನೆಯಿಂದ, ಅಂದರೆ ಅಡಿಕೆ ಗೊನೆಯಿಂದ, ಇನ್ನೊಂದಕ್ಕೆ ದಾಟುತ್ತದೆ. ಮಳೆಗಾಲದ ಮುಂಚೆ ಒಂದು ಸಲ, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಸುತ್ತಾರೆ. ಆದರೆ ಹತ್ತಿರದಲ್ಲೇ ಕೊಳೆ ಕಾಣಿಸಿತು ಅಂತ ಗೊತ್ತಾದರೆ ಯಾರೂ ತಾರೀಖು ನೋಡುತ್ತ ಕೂರುವುದಿಲ್ಲ. ಬಿದ್ದ ಕಾಯಿ ಆರಿಸಿ ತೋಟದಿಂದ ಹೊರಗೆ ಹಾಕುತ್ತಾರೆ, ಮಳೆ ನಿಂತು ಹೊಳವಾದ ಮೊದಲ ದಿನವೇ ಔಷಧಿ ಹೊಡೆಸುತ್ತಾರೆ. ಆ ಹನ್ನೊಂದು ದಿನದ ನಡುವೆ ಎರಡು ಮೂರು ದಿನ ಹೊಳವಾಗಿತ್ತು. ಅಕ್ಕಪಕ್ಕದ ಆರು ತೋಟದವರಿಗೆ ಆಗ ಗೊತ್ತೇ ಇರಲಿಲ್ಲ. ನಾನು ಗ್ರೂಪ್ ಮತ್ತೆ ತೆರೆದದ್ದು ಜುಲೈ 20ಕ್ಕೆ. 22, 23ಕ್ಕೆ ಆ ವರ್ಷದ ಭಾರಿ ಮಳೆ ಹಿಡಿಯಿತು. ಮರ ಹತ್ತುವ ಮಾತೇ ಇರಲಿಲ್ಲ. ಆ ಆರು ತೋಟದಲ್ಲಿ ನಾಲ್ಕಕ್ಕೆ ಕೊಳೆ ಬಂತು.

ಬೋರ್ಡೋ ದ್ರಾವಣ ಹೊಸದಲ್ಲ. 1910ರ ಹೊತ್ತಿಗೇ ಮೈಸೂರು ಸರ್ಕಾರದ ಕೆಲಸದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ಬರೆದಿದ್ದರು. ಬೋರ್ಡೋ ಹೊಡೆಯುವುದು ಇಲ್ಲಿ ಬಳಕೆಗೆ ಬಂದಿದ್ದು ಆ ಕಾಲದಿಂದ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಹೊಳೆಯುವ ಚಾಕು ಅದ್ದಿ ನೋಡಬೇಕು, ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೂ ಆ ಮೂವತ್ತೆರಡು ದಿನದಲ್ಲಿ ನಾನು ಇದನ್ನೇ ಮೂರು ಸಲ ಹಾಕಿದ್ದೆ! ಪಕ್ಕದ ಕಣಿವೆಯಲ್ಲಿ ಇವತ್ತು ಕಾಯಿ ಬಿತ್ತೋ ಇಲ್ಲವೋ ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದು ನನಗೂ ಗೊತ್ತಿರಲು ಸಾಧ್ಯವಿಲ್ಲ. ಅದು ತೋಟದಲ್ಲಿ ಇರುವವರ ಹತ್ತಿರ ಇರುತ್ತದೆ.

ಜುಲೈ 20ರ ರಾತ್ರಿ ಗ್ರೂಪ್ ತೆರೆದು ನಡೆದದ್ದೆಲ್ಲ ಬರೆದೆ. ನಾನು ಬಾಗಿಲು ಹಾಕಿದ್ದರಿಂದ ಇಂಥ ಸುದ್ದಿ ಹನ್ನೊಂದು ದಿನ ತಡವಾಯಿತು, ತಪ್ಪು ನನ್ನದು, ಇನ್ನು ಹೀಗೆ ಮಾಡುವುದಿಲ್ಲ ಅಂತ. ಇಷ್ಟು ಹೇಳಿದರೆ ಎಲ್ಲರೂ ಮಾತಾಡುತ್ತಾರೆ ಅಂದುಕೊಂಡಿದ್ದೆ. ಎರಡು ಜನ ಕೈ ಮುಗಿದ ಗುರುತು ಹಾಕಿದರು, ಅಷ್ಟೇ. ಆಗಸ್ಟ್ ಪೂರ್ತಿ ಹೆಚ್ಚುಕಮ್ಮಿ ಹಾಗೇ ಹೋಯಿತು. ಬಾಗಿಲು ತೆರೆದಿತ್ತು, ಯಾರೂ ಒಳಗೆ ಬರುತ್ತಿರಲಿಲ್ಲ.

ಇಂಥ ಗುಂಪುಗಳಲ್ಲಿ ಮಾತಾಡುವವರು ಯಾವತ್ತೂ ಕಡಿಮೆಯೇ. ಜಾಲತಾಣಗಳ ಬಳಕೆಯ ಬಗ್ಗೆ ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ ಅನ್ನುವವರು 2006ರಲ್ಲೇ ಇದನ್ನು ಬರೆದಿದ್ದರು. ನೂರರಲ್ಲಿ ಸುಮಾರು ತೊಂಬತ್ತು ಜನ ಸುಮ್ನೆ ಓದುತ್ತಾರೆ, ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಮಾತಾಡುತ್ತಾರೆ, ಜಾಸ್ತಿ ಎಲ್ಲ ಬರೆಯುವವರು ಒಬ್ಬರು ಅಂತ. ನಮ್ಮ ಗ್ರೂಪೂ ಹಾಗೇ ಇತ್ತು. ಆದರೆ ಸುಮ್ಮನಿರುವ ಆ ತೊಂಬತ್ತು ಜನರಲ್ಲಿ ಒಬ್ಬೊಬ್ಬರೂ ಯಾಕೆ ಸುಮ್ಮನಿದ್ದಾರೆ ಅಂತ ಹೋಗಿ ಕೇಳಿದರೆ ಒಂದೊಂದು ಕಥೆ ಇರುತ್ತದೆ. ನಾನು ಕೇಳುತ್ತ ಹೋದೆ.

ಒಬ್ಬರ ಮನೆಯಲ್ಲಿ ಸಿಗ್ನಲ್ ಇಲ್ಲ. ಗುಡ್ಡ ಹತ್ತಿದಾಗ ಎರಡು ದಿನದ ಮೆಸೇಜು ಒಟ್ಟಿಗೆ ಬರುತ್ತವೆ. ಅಷ್ಟು ಹೊತ್ತಿಗೆ ಮಾತು ಮುಗಿದಿರುತ್ತದೆ, ಇನ್ನು ಏನು ಬರೆಯುವುದು ಅಂತ ಬಿಡುತ್ತಾರೆ. ಇನ್ನೊಬ್ಬರಿಗೆ ಕನ್ನಡ ಟೈಪ್ ಮಾಡಲು ಬರುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಯಾರಾದರೂ ನಗುತ್ತಾರೆ ಅಂತ ಹೆದರಿಕೆ. ಹೆಂಗಸರ ನಂಬರ್ ಗ್ರೂಪಿನಲ್ಲಿ ಇಪ್ಪತ್ತೂ ಇರಲಿಲ್ಲ. ಕಾಯಿ ಬಿದ್ದದ್ದನ್ನು ಮೊದಲು ನೋಡುವವರು ಅವರೇ, ಗ್ರೂಪಿನಲ್ಲಿ ಇರುವುದು ಗಂಡನ ಫೋನು.

ಗ್ರೂಪ್ ಬಿಟ್ಟು ಹೋಗಿದ್ದ ಹಿರಿಯರಲ್ಲಿ ಒಬ್ಬರ ಮನೆಗೆ ಹೋದೆ. ಅವರು ಎಲೆ ಅಡಿಕೆಯ ಕವಳದ ತಟ್ಟೆ ಮುಂದಿಟ್ಟು ತುಂಬಾ ಹೊತ್ತು ಮಳೆಯ ಬಗ್ಗೆ ಮಾತಾಡಿದರು. ಆಮೇಲೆ ಹೇಳಿದರು. "ನಾ ಒಂದು ಸಲ ಕೇಳಿದ್ದೆ, ಅಡಿಕೆ ಹೂವಿನ ಹಿಂಗಾರ ಒಣಗ್ತಿದ್ದು ಅಂತ. ನೀನು ಉತ್ತರ ಹಾಕಿದೆ. ಸರಿಯಾದ ಉತ್ತರವೇ. ಆದ್ರೆ ಆಮೇಲೆ ಏನಾತು ಅಂತ ಯಾರೂ ಕೇಳ್ಲಿಲ್ಲ." ಜಗಳದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ಅಲ್ಲಿಂದ ಬಂದು ಒಂದು ಡೈರಿ ಇಟ್ಟೆ. ಯಾರು ಏನು ಕೇಳಿದರು, ಯಾವತ್ತು. ಹತ್ತು ದಿನ ಬಿಟ್ಟು ಅದೇ ಪ್ರಶ್ನೆಗೆ ರಿಪ್ಲೈ ಮಾಡಿ "ಈಗ ಹೇಗಿದೆ ಅಣ್ಣಾ?" ಅಂತ ಕೇಳುವುದು. ಇಷ್ಟೇ ಮಾಡಿದ್ದು. ಮೊದಲ ತಿಂಗಳು ನಾನೊಬ್ಬಳೇ ಕೇಳುತ್ತಿದ್ದೆ. ದೀಪಾವಳಿ ಹೊತ್ತಿಗೆ, ಕೊನೆಕೊಯ್ಲು ಶುರುವಾಗುವಾಗ, ಇನ್ಯಾರೋ ಇನ್ಯಾರಿಗೋ ಕೇಳಿದರು. "ನಿಮ್ಮ ಮೇಲಿನ ತೋಟ ಹೇಗಿದೆ?" ಆ ಮೆಸೇಜ್ ನೋಡಿ ನಾನು ಆಫೀಸಿನಲ್ಲಿ ಎದ್ದು ನಿಂತಿದ್ದು ನೆನಪಿದೆ.

ಬೇರೆ ಬದಲಾವಣೆಗಳು ಸಣ್ಣವು. ಟೈಪ್ ಮಾಡುವ ಬದಲು ಮಾತಿನಲ್ಲೇ ಕಳಿಸಿ ಅಂತ ನಾನೇ ಮೊದಲು ವಾಯ್ಸ್ ಮೆಸೇಜ್ ಹಾಕತೊಡಗಿದೆ. ಫಾರ್ವರ್ಡ್ ಹಾಕುವವರು ಅದು ಯಾರಿಂದ ಬಂತು ಅಂತ ಒಂದು ಸಾಲು ಬರೆಯಬೇಕು ಅಂತ ಎಲ್ಲರೂ ಸೇರಿ ಒಪ್ಪಿಕೊಂಡೆವು. ಅರ್ಧಕ್ಕರ್ಧ ಫಾರ್ವರ್ಡ್ ಅಲ್ಲಿಗೇ ನಿಂತವು. ಬಿಸಿ ಏರಿದರೆ ಗ್ರೂಪ್ ಮುಚ್ಚುವುದಿಲ್ಲ, ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡುತ್ತೇನೆ. 2022ರಲ್ಲಿ ಎಲೆಚುಕ್ಕಿ ರೋಗ ಮಲೆನಾಡಿನಲ್ಲಿ ಜೋರಾಗಿ ಹಬ್ಬಿದಾಗ ಎಷ್ಟೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ನನಗೆ ಗೊತ್ತಿಲ್ಲ, ಗೊತ್ತಿದ್ದವರನ್ನು ಕೇಳಿ ಗುರುವಾರದೊಳಗೆ ಹೇಳುತ್ತೇನೆ" ಅಂತ ಬರೆಯುತ್ತಿದ್ದೆ. ಗುರುವಾರ ಹೇಳುತ್ತಿದ್ದೆ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಗುರುವಾರ ಬರೆಯುತ್ತಿದ್ದೆ.

ದೊಡ್ಡ ಬದಲಾವಣೆ ಒಂದೇ. ಅದೇ ವರ್ಷ ವಾಟ್ಸಾಪ್ ಗ್ರೂಪಿನ ಮಿತಿ ಮೊದಲು 512ಕ್ಕೆ, ಆಮೇಲೆ 1024ಕ್ಕೆ ಏರಿತು. ಜಾಗ ಆಯಿತಲ್ಲ, ಕೊನೆಗೌಡರನ್ನು ಸೇರಿಸೋಣ ಅಂದೆ. ಮರ ಹತ್ತಿ ಔಷಧಿ ಹೊಡೆಯುವವರು, ಮಳೆಯಿಂದ ಕಾಪಾಡಲು ಕೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವವರು, ಕೊನೆ ಕೊಯ್ಯುವವರು. ವಿರೋಧ ಬಂತು. ಅವರು ಸದಸ್ಯರಲ್ಲ, ತೋಟ ಇಲ್ಲ, ಕೂಲಿಯ ಮಾತು ಗ್ರೂಪಿಗೆ ಬರುತ್ತದೆ ಅಂತ. ಆ ಮಾತು ನನಗೆ ನೋವು ಕೊಟ್ಟಿತು. ದಿನಕ್ಕೊಂದು ತೋಟ ಸುತ್ತುವವರು ಅವರು. ಕೊನೆಯನ್ನು ಕೈಯಳತೆಯಲ್ಲಿ ನೋಡುವವರು ಇಡೀ ಊರಲ್ಲಿ ಅವರೊಬ್ಬರೇ. ಆ ಕವಳದ ತಟ್ಟೆಯ ಹಿರಿಯರು ಅಷ್ಟು ಹೊತ್ತಿಗೆ ವಾಪಸ್ ಗ್ರೂಪಿಗೆ ಬಂದಿದ್ದರು. ಅವರು ಒಂದೇ ಸಾಲು ಬರೆದರು. "ಮರದ ಮೇಲೆ ಇರುವುದು ನಮಗೆ ಕಾಣುವುದಿಲ್ಲ, ಅವನಿಗೆ ಕಾಣುತ್ತದೆ." ಹನ್ನೆರಡು ಜನ ಕೊನೆಗೌಡರು ಸೇರಿದರು. ಒಬ್ಬರನ್ನು ಅಡ್ಮಿನ್ ಮಾಡಿದೆವು. ಕೂಲಿಯ ಮಾತು ಬಂತು, ನಿಜ. ಬರಬೇಕಾದ ಮಾತೇ ಅದು. ಎರಡು ಸಂಜೆ ಬಿಸಿಬಿಸಿ ಚರ್ಚೆಯಾಗಿ ಒಂದು ದರಕ್ಕೆ ಬಂದು ನಿಂತಿತು.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನಾನು ಬಸ್ಸಿನಲ್ಲಿದ್ದೆ. ಘಟ್ಟದ ದಾರಿ, ಸಿಗ್ನಲ್ ಇರಲಿಲ್ಲ. ಪೇಟೆ ಹತ್ತಿರ ಬಂದಾಗ ಫೋನ್ ಒಂದೇ ಸಮನೆ ಬಡಿದುಕೊಂಡಿತು. ಇಪ್ಪತ್ಮೂರು ಮೆಸೇಜು. ಮೊದಲನೆಯದು ಒಬ್ಬ ಕೊನೆಗೌಡರ ದನಿ, ಹಿಂದೆ ಎಲೆಯ ಮೇಲೆ ನೀರು ಬೀಳುವ ಸದ್ದು. "ಹೊಳೆ ಬದಿ ತೋಟ. ನಾಲ್ಕು ಮರದ ಕೊನೆ ಬಣ್ಣ ಇಳ್ದದೆ. ಕೆಳಗೆ ಕಾಯಿ ಇನ್ನೂ ಬಿದ್ದಿಲ್ಲ." ಎರಡನೆಯದು ಬುಟ್ಟಿ ಹಿಡಿದು ಕಾಯಿ ಆರಿಸುತ್ತಿದ್ದ ಆ ಅಮ್ಮನದು, ಈಗ ಅವರದೇ ನಂಬರಿನಿಂದ. "ಯಾವ ಕಡೆ ಸಾಲು? ನಮ್ಮ ಬೇಲಿ ಕಡೆಯೋ, ರಸ್ತೆ ಕಡೆಯೋ?" ಆಮೇಲೆ ಫೋಟೋ, ಆಮೇಲೆ ಮಳೆಯ ಮಾತು, ನಾಳೆ ಯಾರು ಖಾಲಿ ಇದ್ದಾರೆ ಅನ್ನುವ ಮಾತು. ನಾನು ಕೊನೆಯ ಮೆಸೇಜಿಗೆ ಬರುವಾಗ ಅವರೆಲ್ಲ ಸುಣ್ಣ ಯಾರ ಮನೆಯಲ್ಲಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕುತ್ತಿದ್ದರು.