ಲುವಾದಲ್ಲಿ ಬರುತ್ತೆ, ಪೈಥಾನ್‌ನಲ್ಲಿ ಯಾಕೆ ಬರಲ್ಲ?

ಉದ್ದನೆಯ ಫಂಕ್ಷನ್ ಓದುತ್ತಾ ಕೆಳಗಿಳಿದರೆ, ಈಗ ಯಾವ ಇಫ್ ಒಳಗಿದ್ದೇನೆ, ಯಾವ ಲೂಪ್ ಒಳಗಿದ್ದೇನೆ ಅನ್ನೋದೇ ಮರೆತುಹೋಗುತ್ತದೆ. ಹಾಗಾಗಿ ನಾನು ಕೋಡ್ ಬರೆಯುವ ಎಡಿಟರ್ ನಿಯೋವಿಮ್‌ನಲ್ಲಿ ಟ್ರೀಸಿಟರ್ ಕಾಂಟೆಕ್ಸ್ಟ್ ಅನ್ನೋ ಪ್ಲಗಿನ್ (ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಹಾಕಿಕೊಂಡಿದ್ದೇನೆ. ಮೇಲೆ ಸರಿದು ಮರೆಯಾದ ಕ್ಲಾಸ್, ಫಂಕ್ಷನ್, ಲೂಪ್ ಸಾಲುಗಳನ್ನು ಅದು ವಿಂಡೋದ ತುದಿಯಲ್ಲಿ ಹಿಡಿದಿಟ್ಟು ತೋರಿಸುತ್ತದೆ. ವಿಎಸ್ ಕೋಡ್ ಎಡಿಟರ್ ಬಳಸುವವರಿಗೆ ಇದು ಸ್ಟಿಕಿ ಸ್ಕ್ರೋಲ್. ಪೈಥಾನ್ ಜೊತೆ ಬರುವ ಐಡಲ್ ಎಡಿಟರ್‌ನಲ್ಲೂ ಕೋಡ್ ಕಾಂಟೆಕ್ಸ್ಟ್ ಅಂತ ಒಂದು ಮೆನು ಇದೆ. ಅದನ್ನು ಯಾರಾದರೂ ಬಳಸಿದ್ದನ್ನು ನಾನಂತೂ ನೋಡಿಲ್ಲ.

ಹೊಸ ಲ್ಯಾಪ್‌ಟಾಪ್‌ಗೆ ನನ್ನ ಸೆಟ್ಟಿಂಗ್ ಫೈಲ್‌ಗಳನ್ನು ಕಾಪಿ ಮಾಡಿದ ಮೇಲೆ ತಲೆನೋವು ಶುರುವಾಯಿತು. ಲುವಾ ಭಾಷೆಯ ಫೈಲ್‌ನಲ್ಲಿ ತುದಿಯ ಆ ಸಾಲು ಚೆನ್ನಾಗಿ ಬರುತ್ತದೆ. ಸಿ ಫೈಲ್‌ನಲ್ಲೂ ಬರುತ್ತದೆ. ಪೈಥಾನ್ ತೆರೆದರೆ ಇಲ್ಲ. ಎರರ್ ಕೂಡ ಇಲ್ಲ, ಸುಮ್ನೆ ಖಾಲಿ. ಕೂಗಾಡಿ ಬೀಳುವ ಪ್ರೋಗ್ರಾಂ ಆದರೆ ಎಷ್ಟೋ ವಾಸಿ, ಎಲ್ಲಿ ಬಿತ್ತು ಅಂತಾದರೂ ಗೊತ್ತಾಗುತ್ತದೆ.

ಆದರೆ ಒಂದು ಭಾಷೆಯಲ್ಲಿ ಬಂದು ಇನ್ನೊಂದರಲ್ಲಿ ಬರದೇ ಇರುವುದೇ ದೊಡ್ಡ ಸುಳಿವು. ಈ ಪ್ಲಗಿನ್ ತಾನೇ ಕೋಡ್ ಓದುವುದಿಲ್ಲ. ಟ್ರೀಸಿಟರ್ ಪಾರ್ಸರ್, ಅಂದರೆ ಒಂದು ಭಾಷೆಯ ಕೋಡನ್ನು ಬಿಡಿಸಿ ಓದುವ ಭಾಗ, ಕಟ್ಟಿಕೊಟ್ಟ ಮರವನ್ನು (ಕೋಡ್‌ನಲ್ಲಿ ಯಾವುದರೊಳಗೆ ಯಾವುದಿದೆ ಅನ್ನೋ ರಚನೆ) ನೋಡಿ ಹೇಳುತ್ತದೆ, ಅಷ್ಟೇ. ಸಿ, ಲುವಾ, ವಿಮ್ ಸ್ಕ್ರಿಪ್ಟ್, ಮಾರ್ಕ್‌ಡೌನ್ ಪಾರ್ಸರ್‌ಗಳು ನಿಯೋವಿಮ್ ಜೊತೆಗೇ ಬರುತ್ತವೆ. ಪೈಥಾನ್‌ದು ಬರುವುದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಪಾರ್ಸರ್ ಕಂಪೈಲ್ ಆದ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿದ ಫೈಲ್. ಸೆಟ್ಟಿಂಗ್ ಫೋಲ್ಡರ್ ಕಾಪಿ ಮಾಡಿದರೆ ಅದು ಜೊತೆಗೆ ಬರಲ್ಲ.

ದಾರಿ ತಪ್ಪಿಸುವುದು ಬಣ್ಣ. ಪೈಥಾನ್ ಫೈಲ್‌ನಲ್ಲಿ ಬಣ್ಣಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ಪಾರ್ಸರ್ ಇಲ್ಲದಿದ್ದರೆ ಅಕ್ಷರಗಳ ಮಾದರಿ ಹುಡುಕಿ ಬಣ್ಣ ಹಚ್ಚುವ ಹಳೆಯ ರೆಜೆಕ್ಸ್ ಸಿಂಟ್ಯಾಕ್ಸ್ ಫೈಲ್ ಆ ಕೆಲಸ ಮಾಡಿಬಿಡುತ್ತದೆ. ಬಣ್ಣ ಬಂದಿದೆ ಅಂದರೆ ಪಾರ್ಸರ್ ಇದೆ ಅಂತ ಅರ್ಥವಲ್ಲ. ಇನ್‌ಸ್ಪೆಕ್ಟ್ ಟ್ರೀ ಕಮಾಂಡ್ ಕೊಟ್ಟು ನೋಡಿದರೆ ಅನುಮಾನ ಉಳಿಯಲ್ಲ. ಮರ ಕಂಡರೆ ಪಾರ್ಸರ್ ಇದೆ, ಪಾರ್ಸರ್ ಇಲ್ಲ ಅನ್ನೋ ಎರರ್ ಬಂದರೆ ಇಲ್ಲ. ಪಾರ್ಸರ್ ಹಾಕಲು ಟಿಎಸ್ ಇನ್‌ಸ್ಟಾಲ್ ಕಮಾಂಡ್ ಕೊಟ್ಟಾಗ ಇನ್ನೊಂದು ಅಡ್ಡಿ: ಬಿಲ್ಡ್ ಆಗಲು ಸಿ ಕಂಪೈಲರ್ ಬೇಕು, ಹೊಸ ಯಂತ್ರದಲ್ಲಿ ಅದೂ ಇರಲಿಲ್ಲ. ಎರಡನ್ನೂ ಹಾಕಿದ ಮೇಲೆ ಸಾಲು ಬಂತು.

ಆಮೇಲೂ ಆಗಾಗ ಮಾಯವಾಗುತ್ತಿತ್ತು. ಅದು ಬೇರೆ ಕಥೆ. ಮೇಲೆಲ್ಲೋ ಒಂದು ಬ್ರಾಕೆಟ್ ಮುಚ್ಚಿಲ್ಲ ಅಂದರೆ ಮರದಲ್ಲಿ ಎರರ್ ಅನ್ನೋ ಗಂಟು ಹುಟ್ಟುತ್ತದೆ, ಕೆಲವೊಮ್ಮೆ ಇಡೀ ಫಂಕ್ಷನ್ನೇ ಅದರೊಳಗೆ ಮುಳುಗುತ್ತದೆ. ಬ್ರಾಕೆಟ್ ಮುಚ್ಚಿದರೆ ತಾನಾಗೇ ಸರಿಹೋಗುತ್ತದೆ. ಇದನ್ನು ರಿಪೇರಿ ಮಾಡಲು ಹೋಗಬೇಡಿ.

ಇನ್ನು ರುಚಿಗೆ ತಕ್ಕ ಬದಲಾವಣೆ. ಪ್ಯಾರಾಮೀಟರ್‌ಗಳನ್ನು ಸಾಲಿಗೊಂದರಂತೆ ಬರೆದ ಫಂಕ್ಷನ್ ಇದ್ದರೆ ಅರ್ಧ ಸ್ಕ್ರೀನ್ ಅದಕ್ಕೇ ಹೋಗುತ್ತದೆ, ಏಕೆಂದರೆ ಒಂದು ಫಂಕ್ಷನ್ ಅಥವಾ ಲೂಪ್‌ಗೆ ಹೆಚ್ಚೆಂದರೆ ಎಷ್ಟು ಸಾಲು ಅಂತ ಹೇಳುವ ಮಲ್ಟಿಲೈನ್ ಥ್ರೆಶೋಲ್ಡ್ ಮೊದಲೇ 20 ಇರುತ್ತದೆ. ನಾನು 1 ಮಾಡಿದೆ. ಒಟ್ಟು ಸಾಲುಗಳ ಮಿತಿ ಮ್ಯಾಕ್ಸ್ ಲೈನ್ಸ್, ಅದು 0 ಅಂದರೆ ಮಿತಿಯೇ ಇಲ್ಲ. ಅದನ್ನು 4 ಮಾಡಿದೆ. ಮಿತಿ ಮೀರಿದಾಗ ಹೊರಗಿನ ಸಾಲುಗಳನ್ನು ಮೊದಲು ಕೈಬಿಡುತ್ತದೆ, ಅದು ನನಗೆ ಒಪ್ಪಿಗೆ. ಕ್ಲಾಸ್ ಹೆಸರು ಫೈಲ್ ಹೆಸರಿನಿಂದಲೇ ಗೊತ್ತಾಗುತ್ತದೆ, ಮರೆಯುವುದು ಹತ್ತಿರದ ಫಾರ್ ಲೂಪ್ ಅಲ್ವಾ.

ಆ ಮೇಲಿನ ಸಾಲಿಗೇ ಹಾರುವ ಫಂಕ್ಷನ್ ಕೂಡ ಪ್ಲಗಿನ್‌ನಲ್ಲಿದೆ. ಅದಕ್ಕೆ ಎಡ ಚೌಕ ಬ್ರಾಕೆಟ್ ಮತ್ತು ಸಿ ಕೀ ಕೊಡಿ ಅನ್ನುತ್ತದೆ ಕೈಪಿಡಿ. ಆದರೆ ಡಿಫ್, ಅಂದರೆ ಎರಡು ಫೈಲ್‌ಗಳ ವ್ಯತ್ಯಾಸ, ನೋಡುವಾಗ ಹಿಂದಿನ ಬದಲಾವಣೆಗೆ ಹೋಗಲು ಇರುವುದೂ ಅದೇ ಕೀ. ನಾನು ಡಿಫ್ ಜಾಸ್ತಿ ನೋಡುವವನು, ಹಾಗಾಗಿ ಬೇರೆ ಕೀ ಕೊಟ್ಟುಕೊಂಡಿದ್ದೇನೆ.